ಒಂದೇ ಆನೆಗೆ ನಾಲ್ಕು ಸಂದೇಶ

ನವೆಂಬರ್ 18, ಮಂಗಳವಾರ, ಹನೂರು

ನನ್ನ ಅಕ್ಷರ ಇವತ್ತು ಇನ್ನೂ ಕೆಟ್ಟಿದೆ, ತಪ್ಪುಗಳೂ ಇರುತ್ತವೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ. ಕ್ಷಮೆ ಇರಲಿ.

ಕಾಡಂಚಿನ ಹೊಲಗಳಿಗೆ ಆನೆ ಬಂದರೆ ವೆಬ್‌ಸೈಟಿನಿಂದ ರೈತರ ಫೋನಿಗೆ ಎಚ್ಚರಿಕೆ ಕಳಿಸುವುದು ನಮ್ಮ ಸಂಘದಲ್ಲಿ ನನ್ನ ಕೆಲಸ. ನಿನ್ನೆಯವರೆಗೂ ಒಂದೇ ಆನೆಗೆ ಮೂರು ನಾಲ್ಕು ಸಂದೇಶ ಹೋಗುತ್ತಿದ್ದವು. ಯಾಕೆಂದು ಕೇಳಲು ನನಗೆ ನಾಚಿಕೆ. ಇವತ್ತು ಮಧ್ಯಾಹ್ನ, ಆ ವೆಬ್‌ಸೈಟನ್ನು ಜಾವಾ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೆದ ನಟರಾಜಣ್ಣ ಕೊಳ್ಳೇಗಾಲದಿಂದ ತಾನೇ ಬಂದ.

"ಕಳಿಸಿದ್ ಮೇಲೆ ರಿಫ್ರೆಶ್ ಒತ್ತೀಯಾ?"

"ನೆಟ್ ನಿಧಾನ ಅಣ್ಣ. ಅದೇನೋ ಇಂಗ್ಲಿಷಲ್ಲಿ ಕೇಳ್ತದೆ, ಸರಿ ಅಂತ ಒತ್ಬುಡ್ತೀವಿ."

"ಅದ್ಕೇ ಮತ್ತೆ. ತಪ್ಪು ನಂದೇ ಕಣವ್ವ, ಫಾರ್ವರ್ಡ್ ಹಾಕಿವ್ನಿ. ಅಂದ್ರೆ ಸರ್ವರ್ ಒಳಗೊಳಗೇ ಇನ್ನೊಂದು ಪುಟಕ್ಕೆ ದಾಟಿಸ್ತದೆ, ಬ್ರೌಸರ್‌ಗೆ ಗೊತ್ತಾಗಕಿಲ್ಲ, ಮೇಲಿನ ವಿಳಾಸ ಅದೇ ಇರ್ತದೆ. ರಿಫ್ರೆಶ್ ಒತ್ತುದ್ರೆ ಅದೇ ಸಂದೇಶ ತಿರ್ಗಾ ಓಯ್ತದೆ. ರೀಡೈರೆಕ್ಟ್ ಆದ್ರೆ, ಬೇರೆ ವಿಳಾಸಕ್ಕೆ ಓಗು ಅಂತ ಬ್ರೌಸರ್‌ಗೇ ಏಳ್ತದೆ. ಆಮೇಲೆ ಎಷ್ಟ್ ಒತ್ತುದ್ರೂ ಬರೀ ಪುಟ ಬತ್ತದೆ."

ಬದಲಾಯಿಸಿದ. ಸರಿಹೋಯಿತು.

ಸಂಜೆ ಪಕ್ಕದ ಶಾಗ್ಯ ಊರಿನ ಕಡೆ ಒಂಟಿ ಸಲಗ ಇಳಿದ ಸುದ್ದಿ ಬಂತು. ಸಂದೇಶ ಒಂದೇ ಸಲ ಹೋಯಿತು. ಅವ್ವ ಅಲ್ಲೇ ಜೋಳದ ಹೊಲದ ಗುಡಿಸಲಿನಲ್ಲಿ ಕಾವಲು ಮಲಗಿದ್ದಾಳೆ. ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ಊರಿನ ಶಿವರಾಜು ಬೈಕಿನಲ್ಲಿ ನೋಡಲು ಹೋದ. ಅವನಿಂದಲೂ ಸುದ್ದಿಯಿಲ್ಲ.

"ಒಂದೇ ಆನೆನ ನಾಕ್ ನಾಕ್ ಸಲ ಕಳಿಸ್ತೀರ, ಒಂದ್ ರಾತ್ರಿನಾದ್ರೂ ನಿದ್ದೆ ಮಾಡಕ್ಕೆ ಬುಡ್ರವ್ವ" ಅಂದಿದ್ದಳು ನಿನ್ನೆ ಅವ್ವ. ಅವಳಿಗೆ ಫೋನಿನ ಗುಂಡಿ ತಿಳಿಯದು. ಬೆಳಿಗ್ಗೆ ಹೊರಡುವಾಗ ನಾನೇ ಅದರ ಸದ್ದು ನಿಲ್ಲಿಸಿ ಅವಳ ಕೈಗೆ ಕೊಟ್ಟು ಬಂದೆ.