ಫೋಟೊ ತೆಗೆದವರೇ ನನ್ನ ಗಂಡ

ವೀಸಾ ಕಚೇರಿಯ ನಾಲ್ಕನೇ ಕೌಂಟರಿನ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚಾಗಿದೆ. ಅರ್ಜಿಗಳಲ್ಲಿ ಹೀಗೆ ಬರೆಯುವ ರೂಢಿ ಇಲ್ಲವೆಂದು ಬಲ್ಲೆ. ಆದರೆ ತಮ್ಮ ಕಚೇರಿಗೆ ಬರೆದ ಮೂರು ಸಭ್ಯ ಪತ್ರಗಳಿಗೂ "ನಿಮ್ಮ ಪತ್ರ ತಲುಪಿದೆ" ಎಂಬ ಒಂದೇ ಸಾಲಿನ ಉತ್ತರ ಬಂದಿದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಮ್ಮ ಮೇಲಿನ ಮನೆಯವಳು ನನ್ನ ಹಾಗೆಯೇ ಪ್ರವಾಸಿ ವೀಸಾದಲ್ಲಿ ಈ ದೇಶಕ್ಕೆ ಬಂದವಳು. ನನ್ನ ಹಾಗೆಯೇ ಇಲ್ಲಿ ಮದುವೆಯಾದವಳು. "ಪ್ರವಾಸಿ" ಎಂದಿರುವ ಕಡೆ "ಪತ್ನಿ" ಎಂದು ಬದಲಿಸಿ ಕೊಡಿ ಎಂದು ತಮ್ಮ ಕೌಂಟರಿನಲ್ಲೇ ಅರ್ಜಿ ಕೊಟ್ಟವಳು. ಅವಳಿಗೆ ಆರು ವಾರದಲ್ಲಿ ಇಲ್ಲಿ ನೆಲೆಸುವ ಕಾರ್ಡು ಬಂತು. ನನಗೆ ನೋಟಿಸು ಬಂತು: "ದಂಪತಿ ಒಟ್ಟಿಗೆ ಬಾಳುತ್ತಿರುವುದಕ್ಕೆ ಛಾಯಾಚಿತ್ರ ಪುರಾವೆ ಸಾಲದು." ಇಪ್ಪತ್ತೊಂದನೇ ತಾರೀಖಿನೊಳಗೆ ಪುರಾವೆ ಒದಗಿಸದಿದ್ದರೆ ನಾನು ಊರಿಗೆ ಹಿಂತಿರುಗಿ, ಅಲ್ಲಿಂದ ಹೊಸದಾಗಿ ಅರ್ಜಿ ಹಾಕಬೇಕಂತೆ. ಆ ಸರದಿ ಬರಲು ಎರಡು ವರ್ಷವೆಂದು ತಮ್ಮ ಗೋಡೆಯ ಮೇಲೇ ಅಂಟಿಸಿದ್ದೀರಿ. ನನಗೆ ನಲವತ್ತಮೂರು, ನಮ್ಮವರಿಗೆ ಐವತ್ತೊಂದು. ಎರಡು ವರ್ಷವೆಂದರೆ ತಮ್ಮ ಲೆಕ್ಕದಲ್ಲಿ ಎಷ್ಟೋ ನಾನರಿಯೆ, ನಮ್ಮ ಲೆಕ್ಕದಲ್ಲಿ ಬಹಳ.

"ತಂಗಿಯ ಬಾಣಂತನಕ್ಕೆ ಅಂತ ಬರೆದು ಬಂದೋರು ಮದುವೆ ಹೇಗಾದಿರಿ?" ಎಂದು ಸಂದರ್ಶನದಲ್ಲಿ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಮದುವೆಯನ್ನು ನಾನು ಸೂಟ್‌ಕೇಸಿನಲ್ಲಿ ಮಡಿಸಿಟ್ಟುಕೊಂಡು ಬಂದಿದ್ದೆನೆಂದು ತಮ್ಮ ಅನುಮಾನವೇ? ನಾನು ತಂದದ್ದು ಕೂಸಿಗೆ ಹೊಲಿದ ಹನ್ನೆರಡು ಅಂಗಿ. ಊರಲ್ಲಿ ನಾನು ಟೇಲರ್. ಕೂಸಿಗೆ ಪಾಸ್‌ಪೋರ್ಟ್ ಫೋಟೊ ಬೇಕಾಗಿ, ಬೀದಿಯ ಕೊನೆಯಲ್ಲಿದ್ದ ಸ್ಟುಡಿಯೋಗೆ ಎತ್ತಿಕೊಂಡು ಹೋದೆ. ತಮ್ಮ ನಿಯಮ ತಮಗೇ ಗೊತ್ತಲ್ಲ: ಕಣ್ಣು ಬಿಟ್ಟಿರಬೇಕು, ಹಿಂದೆ ಬಿಳಿ ಬಣ್ಣವೇ ಇರಬೇಕು, ಬೇರೆಯವರ ಬೆರಳೂ ಕಾಣಬಾರದು. ಒಂದು ತಿಂಗಳ ಕೂಸು ತಾನಾಗಿ ಕೂರುತ್ತದೆಯೇ? ಸ್ಟುಡಿಯೋದವರು ನನ್ನ ತಲೆಯ ಮೇಲಿಂದ ಬಿಳಿ ದುಪ್ಪಟಿ ಹೊದಿಸಿ, ಮಡಿಲಲ್ಲಿ ಕೂಸನ್ನು ಕೂರಿಸಿದರು. ಮುಕ್ಕಾಲು ಗಂಟೆ ಹಾಗೆ ಕೂತಿದ್ದೆ.

"ಬೆವರ್ತಿದೀರಾ?" ಎಂದು ಹೊರಗಿನಿಂದ ಕೇಳಿದರು.

"ಇಲ್ಲ, ತಂಪಾಗಿದೆ. ಯಾರಾದ್ರೂ ಹೀಗೆ ಹೊದಿಸಿ ಕೂರಿಸಿ ಎಷ್ಟೋ ಕಾಲ ಆಗಿತ್ತು!" ಎಂದೆ. ಆ ಮನುಷ್ಯ ಎಷ್ಟು ನಕ್ಕರೆಂದರೆ ಕೂಸು ಬೆರಗಾಗಿ ಕಣ್ಣು ಬಿಟ್ಟಿತು, ಫೋಟೊ ಬಂತು. ತಮ್ಮ ಇಲಾಖೆಯ ಪಕ್ಕದ ಕೋಣೆಯ ಕಡತದಲ್ಲಿ ಆ ಫೋಟೊ ಇದೆ. ಕೂಸಿನ ಹಿಂದೆ ಬೆಳ್ಳಗೆ ಕಾಣುವುದು ನಾನೇ. ನಮ್ಮಿಬ್ಬರ ಪರಿಚಯಕ್ಕೆ ಅದಕ್ಕಿಂತ ಪುರಾವೆ ಬೇಕೇ?

ಬೇಕು ಎಂದಿರಿ. ನೂರಾ ನಲವತ್ತು ಫೋಟೊ ಕೊಟ್ಟೆ. ಒಂದೊಂದನ್ನೂ ತಿರುವಿ ಹಾಕಿದಿರಿ.

"ಎಲ್ಲದರಲ್ಲೂ ನೀವೊಬ್ಬರೇ ಇದ್ದೀರಲ್ಲಮ್ಮಾ. ಗಂಡ ಎಲ್ಲಿ?"

"ಫೋಟೊ ತೆಗೀತಿದಾರೆ ಸಾರ್."

"ಇದರಲ್ಲಿ?"

"ಅದನ್ನೂ ಅವರೇ ತೆಗೆದಿದ್ದು."

"ಹೋಗಲಿ, ಮದುವೆ ದಿನದ್ದು?"

ಮದುವೆಯ ದಿನ ಸಾಕ್ಷಿಗೆ ಬಂದಿದ್ದ ತಂಗಿ "ಕೊಡಿ ಭಾವ, ನಾನು ತೆಗೀತೀನಿ" ಎಂದು ಕೈ ಚಾಚಿದ್ದಳು. ನಮ್ಮವರು ಕೊಡಲಿಲ್ಲ. ಅವಳ ಕೈ ನಡುಗುತ್ತದಂತೆ, ಫೋಟೊ ಅಲುಗುತ್ತದಂತೆ. ಸಹಿ ಹಾಕಿದವರೇ ಎದ್ದು, ಮೂಲೆಗೆ ಹೋಗಿ, ಮಂಡಿಯೂರಿ ಕೂತು ತೆಗೆದರು. ಬೆಳಕು ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ, ಆದರೆ ನನ್ನ ಪಕ್ಕದಲ್ಲಿ ಪೆನ್ನು ಹಿಡಿದು ನಗುತ್ತಿರುವವರು ರಿಜಿಸ್ಟ್ರಾರರು. ನಾನು ಮದುವೆಯಾದದ್ದು ಅವರನ್ನೇ ಎಂದು ಯಾರಾದರೂ ನಂಬಿಯಾರು. ಮದುವೆಯ ಫೋಟೊದಲ್ಲಿ ಮದುಮಗನೇ ಇಲ್ಲದಂತೆ ಮಾಡುವ ದಡ್ಡತನ ಇಪ್ಪತ್ತಾರು ವರ್ಷ ಫೋಟೊ ತೆಗೆದವರಿಗೆ ಮಾತ್ರ ಸಾಧ್ಯ!

ಇನ್ನು ಮೇಲಿನ ಮನೆಯವಳ ಆಲ್ಬಂ. ಅದರಲ್ಲಿ ನಲವತ್ತೆಂಟು ಫೋಟೊ, ನಲವತ್ತೆಂಟರಲ್ಲೂ ಜೋಡಿ. ತೆಗೆದವರು ಯಾರೆಂದು ಬಲ್ಲಿರಾ? ನನ್ನ ಗಂಡ. ಒಂದೇ ಮಧ್ಯಾಹ್ನ, ನಮ್ಮದೇ ಸ್ಟುಡಿಯೋದಲ್ಲಿ, ಸ್ವೆಟರಿನಲ್ಲಿ, ಕೊಡೆಯ ಕೆಳಗೆ, ಕೆನ್ನೆಗೆ ಕೆನ್ನೆ ತಾಗಿಸಿ. ಅವರ ಮದುವೆ ಸುಳ್ಳೆಂದು ಚಾಡಿ ಹೇಳುತ್ತಿಲ್ಲ. ಸಂಜೆ ಆರಕ್ಕೆ ಅವರ ಜಗಳ ನಮ್ಮ ಸೂರು ದಾಟಿ ಬರುತ್ತದೆ; ಸುಳ್ಳು ಗಂಡ ಹೆಂಡತಿಗೆ ಅಷ್ಟು ಸಲಿಗೆ ಬರುವುದಿಲ್ಲ. ಆದರೆ ಆ ಆಲ್ಬಂ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟೂ ಫೋಟೊದಲ್ಲಿ ಅವಳು ಕಣ್ಣರಳಿಸಿ ನಗುತ್ತಿರುವುದು ಕ್ಯಾಮೆರಾದತ್ತ, ಎಂದರೆ ನನ್ನ ಗಂಡನತ್ತ. "ಸ್ವಲ್ಪ ಹತ್ತಿರ ಬನ್ನಿ, ಕೈ ಭುಜದ ಮೇಲಿಡಿ" ಎಂದು ಅವರಿಗೆ ಅಷ್ಟು ನಯವಾಗಿ ಹೇಳಿಕೊಟ್ಟ ಮನುಷ್ಯ ನನ್ನ ಭುಜದ ಮೇಲೆ ಕೈಯಿಟ್ಟ ಒಂದು ಫೋಟೊ ಇಲ್ಲ. ನನ್ನ ಗಂಡನ ಕೈಚಳಕದಿಂದ ಅವಳು ಹೆಂಡತಿಯಾದಳು, ನಾನು ಪ್ರವಾಸಿಯಾಗಿಯೇ ಉಳಿದೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಕಾರ್ಡು ಬಂದ ಮರುದಿನ ಸಿಹಿಯ ಡಬ್ಬಿ ಹಿಡಿದು ಇಳಿದು ಬಂದಳು. ಮೇಜಿನ ಮೇಲಿದ್ದ ನೋಟಿಸು ಓದಿದಳು.

"ಅಯ್ಯೋ ಅಕ್ಕಾ, ಇಷ್ಟೇನಾ? ಕ್ಯಾಮೆರಾ ಕೊಡಿ ಇಲ್ಲಿ. ಬಟನ್ ಒತ್ತಿದ್ರೆ ಆಯ್ತಲ್ವಾ?"

ಬಟನ್ ಒತ್ತಿದರೆ ಆಯಿತು! ನಮ್ಮವರ ಮುಖ ಸಪ್ಪಗಾಯಿತು. ಆದರೂ ಕತ್ತಿನಿಂದ ಕ್ಯಾಮೆರಾದ ಪಟ್ಟಿ ಬಿಚ್ಚಿ ಕೊಟ್ಟರು. ಇಬ್ಬರೂ ಗೋಡೆಗೆ ಆತು ನಿಂತೆವು. ಕೋಲು ನುಂಗಿದವರಂತೆ ನಿಂತಿದ್ದ ಅವರಿಗೆ ಅರೆಗಳಿಗೆಯೂ ತಡೆಯಲಾಗಲಿಲ್ಲ.

"ಹಾಗಲ್ಲಮ್ಮಾ, ಮೊಣಕೈ ಮೈಗೆ ಒತ್ಕೋ! ಕಿಟಕಿಗೆ ಬೆನ್ನು ಮಾಡು!" ಎನ್ನುತ್ತ ಮುಂದೆ ನುಗ್ಗಿದರು. ಹಿಡಿದಿದ್ದ ನನ್ನ ಕೈ ಬಿಡಲು ಮರೆತಿದ್ದರು, ಹಾಗಾಗಿ ನನ್ನನ್ನೂ ಎಳೆದುಕೊಂಡೇ ಹೋದರು. ಅವಳು ಹೆದರಿ ಒತ್ತಿಬಿಟ್ಟಳು.

ಅದರಲ್ಲಿ ಅವರ ಹಣೆಯಿಂದ ಮೇಲೆ ತಲೆ ಇಲ್ಲ. ಚಾಚಿದ ಕೈ ಮಸುಕು. ನಾನು ವಾಲಿಕೊಂಡು, ಅವರ ಮುಖವನ್ನೇ ನೋಡುತ್ತ, ಬಾಯಿ ತುಂಬ ನಗುತ್ತಿದ್ದೇನೆ. ಅದನ್ನು ಕಂಡು "ಥೂ, ಇದನ್ನ ಅಳಿಸಿಬಿಡು" ಎಂದರು. ಅಲುಗಿದ ಫೋಟೊವನ್ನು ಅವರು ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ, ಮದುವೆಯ ದಿನವೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆ ಫೋಟೊವನ್ನೇ ದೊಡ್ಡ ಅಳತೆಯಲ್ಲಿ ಪ್ರಿಂಟ್ ಹಾಕಿ, ಹಿಂಬದಿಗೆ ಸ್ಟುಡಿಯೋದ ಮೊಹರು ಒತ್ತಿ, ನನ್ನ ಕಡತದಲ್ಲಿಟ್ಟಿದ್ದರು. "ನೋಡಿದೋರು ನಗಲಿ ಬಿಡು, ನೀನು ಹೋಗೋದು ಬೇಡ" ಎಂದರು.

ಮೊನ್ನೆ ತಮ್ಮ ಕೌಂಟರಿನಲ್ಲಿ ಅದನ್ನು ಹಿಂತಿರುಗಿಸಿದಿರಿ. "ಮುಖ ಸ್ಪಷ್ಟವಾಗಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ. ಈಗ ಅದನ್ನೇ ಈ ಪತ್ರದೊಂದಿಗೆ ಮತ್ತೆ ಕಳಿಸಿದ್ದೇನೆ. ನನ್ನ ಬೇಡಿಕೆ ಒಂದೇ: ಇಪ್ಪತ್ತೊಂದನೇ ತಾರೀಖಿಗೆ ಮೊದಲು ಈ ಫೋಟೊವನ್ನು ಪುರಾವೆ ಎಂದು ದಾಖಲಿಸಿಕೊಳ್ಳಿ. ಅವರ ಮುಖ ಸ್ಪಷ್ಟವಾಗಿಲ್ಲ, ಒಪ್ಪಿದೆ. ನನ್ನದು ಸ್ಪಷ್ಟವಾಗಿದೆಯಲ್ಲ, ಅದನ್ನು ನೋಡಿ. ಮೇಲಿನ ಮನೆಯವಳ ನಲವತ್ತೆಂಟರಲ್ಲಿ ಇಂಥದ್ದು ಒಂದೂ ಇಲ್ಲವೆಂದು ಹೇಳಲು ನನಗೆ ತುಂಬ ಸಂತೋಷವಾಗುತ್ತದೆ.

ಇಂತಿ,
ಬರುವ ಇಪ್ಪತ್ತೊಂದನೇ ತಾರೀಖಿನವರೆಗೆ ಮಾತ್ರ ತನ್ನ ಗಂಡನ ಮನೆಯಲ್ಲಿರಲು ಅನುಮತಿಯುಳ್ಳ
ಒಬ್ಬ ಪ್ರವಾಸಿ