ಬಂದೂಕಿನ ಹಿಡಿಯ ಮೇಲಿದ್ದ ಹೆಸರು

ಅಪ್ಪಾ,

ಇವತ್ತು ನೀನು ಬಿಟ್ಟುಹೋದ ಬಂದೂಕನ್ನು ಹಳೇ ಬಂದೂಕು ಕೊಳ್ಳುವ ಅಂಗಡಿಗೆ ಮಾರಲು ಒಯ್ದಿದ್ದೆ. ಒಳ್ಳೆಯ ಬೆಲೆ ಬರಲೆಂದು ನಾಲ್ಕು ದಿನ ಕೂತು ಮರದ ಹಿಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ವಾರ್ನಿಶ್ ಬಳಿದಿದ್ದೆ.

ಅಂಗಡಿಯವರು ನೋಡಿದವರೇ ಹಣೆ ಚಚ್ಚಿಕೊಂಡರು. “ಯಾರ್ರೀ ಹೀಗೆ ಉಜ್ಜಿದ್ದು? ಹಳೇ ಬಣ್ಣ, ಹಳೇ ಗೀರು ಇದ್ರೇನೇ ಇದಕ್ಕೆ ಬೆಲೆ. ಈಗ ಅರ್ಧಕ್ಕೂ ಯಾರೂ ಮುಟ್ಟಲ್ಲ.”

ಬೆಲೆ ಹಾಳಾಗಲಿ. ನಾನು ಮೊದಲು ಉಜ್ಜಿದ್ದೇ ನನ್ನ ಹೆಸರನ್ನು. ಏಳು ವರ್ಷದವನಿದ್ದಾಗ ಮೊಳೆಯಿಂದ ಗೀಚಿ ನಿನ್ನ ಕೈಲಿ ಏಟು ತಿಂದಿದ್ದೆನಲ್ಲ, ಅದು. ಬಡಗಿಯಾದ ನಿನಗೆ ಅದನ್ನು ಅಳಿಸಲು ಐದು ನಿಮಿಷ ಸಾಕಿತ್ತು. ನೀನು ಮೂವತ್ತು ವರ್ಷ ಅದರ ಮೇಲೆ ಎಣ್ಣೆ ಹಚ್ಚಿದೆ.

ಮಾರದೆ ವಾಪಸ್ ತಂದಿದ್ದೇನೆ. ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮತ್ತೆ ಮತ್ತೆ ಎದ್ದು ಹೋಗಿ ಆ ಜಾಗ ತಡವುತ್ತೇನೆ. ತುಂಬಾ ನುಣುಪಾಗಿದೆ, ಅಪ್ಪಾ.