ಕರಿ ಬೊಟ್ಟಿನ ಸುತ್ತಲ ದೂಳು

ಬೇಗೂರು
ಸೋಮವಾರ, 12-1-2026

ಮಗಳು ಶಿವಾನಿಗೆ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ಫೋನಿದ್ದೂ ಕಾಗದ ಯಾಕೆ ಎಂದು ಗಾಬರಿಯಾಗಬೇಡ. ಫೋನು ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ನಗಬೇಡ.

ದುರ್ಬೀನಿನಲ್ಲಿ ತೆಗೆದು ನೀನು ಕಳಿಸಿದ ಎಳೇ ನಕ್ಷತ್ರದ ಫೋಟೋ ದೇವರ ಗೂಡಿನ ಪಕ್ಕ ಅಂಟಿಸಿದ್ದೇನೆ. ಸುತ್ತ ಬಳೆಯ ಹಾಗೆ ದೂಳು, ನಡುವೆ ಕರಿ ಬೊಟ್ಟು. ಇನ್ನೂ ಹುಟ್ಟುತ್ತಿರುವ ಕೂಸು, ದೃಷ್ಟಿಯಾಗದಿರಲಿ ಎಂದು ನೀನೇ ಬೊಟ್ಟಿಟ್ಟಿದ್ದೀಯ ಅಂದುಕೊಂಡು ಬೀದಿಗೆಲ್ಲ ಹೇಳಿಬಿಟ್ಟಿದ್ದೆ. ಆಮೇಲೆ ನೀನು ನಕ್ಕು ಹೇಳಿದೆ, ನಕ್ಷತ್ರದ ಬೆಳಕು ಕಣ್ಣು ಕುಕ್ಕುತ್ತದೆ, ಅದನ್ನು ಮರೆಮಾಡಿದರೇನೇ ಸುತ್ತಲಿನ ದೂಳು ಕಾಣುವುದು ಎಂದು.

ಅದಕ್ಕೆ ನಿಮ್ಮಪ್ಪ, "ದೂಳ್ ನೋಡಕೆ ನಿನ್ ಮಗ್ಳು ಅಷ್ಟ್ ದೂರ ಯಾಕ್ ಓಗ್ಬೇಕಿತ್ತು? ನನ್ ಅಂಗಿ ಒದರಿದ್ರೆ ಸಾಕಾಗಿತ್ತು ಕಣಮ್ಮಿ" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಕರಿಕಲ್ಲು ಕುಯ್ಯುವ ಮಿಷನ್ನಿನ ಮುಂದೆ ನಿಂತೂ ನಿಂತೂ... ಇರಲಿ. ಚಳಿಗೆ ಊರಿಗೆಲ್ಲ ಕೆಮ್ಮು.

ಈಗ ಕೆಲಸಕ್ಕೆ ಹೋಗುತ್ತಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಜೊತೆಯಲ್ಲಿ ಕಲ್ಲು ಕುಯ್ಯುತ್ತಿದ್ದ ಮಾದಣ್ಣನೂ ತೀರಿಕೊಳ್ಳುವ ಮುಂಚೆ ಹೀಗೇ ಕೂತು ಮಲಗುತ್ತಿದ್ದ. ಅವನ ಹೆಂಡತಿ ಚಿಕ್ಕನಿಂಗಮ್ಮ ದಿನವೂ ಬರುತ್ತಾಳೆ, ಅಪ್ಪನ ಮುಖ ನೋಡುತ್ತಾಳೆ, ಎದ್ದು ಹೋಗುತ್ತಾಳೆ. ಅವಳು ಬರುವುದು ಕಂಡರೆ ಬಾಗಿಲು ಹಾಕಿಕೊಳ್ಳೋಣ ಅನ್ನಿಸುತ್ತದೆ.

ಮುಂದಿನ ತಿಂಗಳು ಸಮುದ್ರದಾಚೆಯ ಬೆಟ್ಟದಲ್ಲಿ ಆ ದೊಡ್ಡ ದುರ್ಬೀನು ಒಂದೆರಡು ರಾತ್ರಿ ನಿನ್ನ ಪಾಲಿಗೆ ಬರುತ್ತದಲ್ಲ. ಅದಕ್ಕೆ ನೀನು ಎಷ್ಟು ವರ್ಷ ಕಾದೆ! "ಆ ಮಗೀಗೆ ಏನೂ ತಿಳಿಸ್ಬ್ಯಾಡ, ಓಗ್ ಬಂದ್ಬುಡ್ಲಿ" ಎಂದು ಅಪ್ಪ ನಮ್ಮ ಮಾದಪ್ಪ ದೇವರ ಮೇಲೆ ನನ್ನ ಕೈಲಿ ಆಣೆ ಇಡಿಸಿದ್ದಾರೆ. ನಾನು ಆಣೆ ಮುರಿದಿಲ್ಲ. ಕೆಮ್ಮು ಎಂದಷ್ಟೇ ಬರೆದಿದ್ದೇನೆ.

ಹೋಗಿ ಬಾ. ಸ್ವೆಟರ್ ಮರೆಯಬೇಡ. ಅಷ್ಟು ಎತ್ತರದಲ್ಲಿ ಉಸಿರು ಸರಿಯಾಗಿ ಸಿಗುವುದಿಲ್ಲವಂತೆ, ನಿಧಾನ ನಡಿ.

ಹಗಲೆಲ್ಲ ನಿನ್ನದೇ ಧ್ಯಾನದ,
ಅವ್ವ
ನಾಗಲಕ್ಷ್ಮಿ

ಮಡಿಸುವಾಗ ನೆನಪಾಗಿದ್ದು: ಚಾಮರಾಜನಗರದ ಆಸ್ಪತ್ರೆಯಲ್ಲಿ ಅಪ್ಪನ ಎದೆಯ ಎಕ್ಸ್‌ರೇ ತೆಗೆದರು. ನಿನ್ನ ಫೋಟೋ ತರಹವೇ, ಕತ್ತಲಲ್ಲಿ ಬೆಳ್ಳಗೆ ದೂಳು. ಅದಕ್ಕೂ ಒಂದು ಕಾಡಿಗೆ ಬೊಟ್ಟಿಟ್ಟು ನಿನ್ನ ನಕ್ಷತ್ರದ ಪಕ್ಕ ನಿಲ್ಲಿಸಿದ್ದೇನೆ. ಡಾಕ್ಟರು ಏನಂದರು ಎಂದು ಬರೆದರೆ ಆಣೆ ಮುರಿದಂತೆ. ದೂಳು ನೋಡಲು ಕಲಿತವಳು ನೀನು. ಬೆಟ್ಟ ಹತ್ತುವ ಮುಂಚೆ ಬಂದು ಇದನ್ನು ನೋಡು.